ಮೈ ತೊಳೆದು ಬನ್ನಿ

ಆಸ್ಪತ್ರೆಯ ಗೇಟಿನ ಎಡಕ್ಕೆ ಒಂದು ನಲ್ಲಿ. ನಲ್ಲಿಯ ಮೇಲೆ ಗೋಡೆಗೆ ಮೊಳೆ ಹೊಡೆದ ತಗಡು. ತಗಡಿನ ಮೇಲೆ ಕೆಂಪಕ್ಷರ: ತೊಗಲಿನ ಕಾರ್ಖಾನೆಯ ಕೆಲಸಗಾರರು ಇಲ್ಲಿ ಮೈ ತೊಳೆದುಕೊಂಡು ಒಳಗೆ ಬರತಕ್ಕದ್ದು.

ಬೇರೆ ಯಾರಿಗೂ ಈ ಕಟ್ಟಳೆ ಇಲ್ಲ. ಮೀನು ಮಾರುವವಳು ಬುಟ್ಟಿ ಸಮೇತ ಒಳಗೆ ಹೋಗಬಹುದು. ಕುಡಿದು ಮೋರಿಗೆ ಬಿದ್ದು ಎದ್ದು ಬಂದವನನ್ನು ಕಾವಲುಗಾರನೇ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸುತ್ತಾನೆ. ತೊಗಲಿನವರು ಮಾತ್ರ ತೊಳೆದುಕೊಳ್ಳಬೇಕು. ಜ್ವರವಿರಲಿ, ಬೆರಳು ತುಂಡಾಗಿರಲಿ, ಹೆರಿಗೆ ನೋವಿರಲಿ, ಮೊದಲು ನಲ್ಲಿ. ಆ ನಲ್ಲಿಯಲ್ಲಿ ನೀರು ಕಿರುಬೆರಳಿನ ಗಾತ್ರ ಬಂದರೆ ಹೆಚ್ಚು. ಅದಕ್ಕೇ ಕೇರಿಯಲ್ಲಿ ಕಾಯಿಲೆ ಬಿದ್ದವರು ಮನೆಯಲ್ಲೇ ಮಿಂದು, ಒಗೆದ ಬಟ್ಟೆ ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ಆಸ್ಪತ್ರೆಗೆ ಹೊರಡುತ್ತಿದ್ದರು.

ಅದು ತೊಳೆದರೆ ಹೋಗುವ ವಾಸನೆಯೂ ಅಲ್ಲ. ಹೋಗುವಂಥದ್ದಾಗಿದ್ದರೆ ದೊಡ್ಡಕ್ಕ ಇಪ್ಪತ್ತಾರು ವರ್ಷದಲ್ಲಿ ಎಂದೋ ತೊಳೆದು ಕಳೆದಿರುತ್ತಿದ್ದಳು.

ದೊಡ್ಡಕ್ಕ ಎಂದರೆ ಕೇರಿಗೆಲ್ಲ ದೊಡ್ಡಕ್ಕ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಅವಳ ಕೆಲಸ ಕೂದಲು ಕೆರೆಯುವುದು. ಸುಣ್ಣದ ತೊಟ್ಟಿಯಲ್ಲಿ ವಾರಗಟ್ಟಲೆ ನೆನೆದ ಹಸಿ ತೊಗಲನ್ನು ಇಳಿಜಾರು ಹಲಗೆಯ ಮೇಲೆ ಹಾಕಬೇಕು. ಹೊಟ್ಟೆಯಿಂದ ಅದನ್ನು ಹಲಗೆಗೆ ಒತ್ತಿ ಹಿಡಿದು, ಎರಡು ಹಿಡಿಯ ಬಾಗಿದ ಕತ್ತಿಯಿಂದ ಮೇಲಿನಿಂದ ಕೆಳಕ್ಕೆ ಕೆರೆಯಬೇಕು. ಒಂದು ತೊಗಲು ಒಂದು ಆಳಿನ ಭಾರ. ದಿನಕ್ಕೆ ಮೂವತ್ತು ತೊಗಲು. ಸೊಂಟ ಸಂಜೆಗೆ ತನ್ನದಲ್ಲ ಅನ್ನಿಸುತ್ತದೆ. ಸುಣ್ಣದ ನೀರು ಸೀರೆ ತೋಯಿಸಿ ಒಳಗಿನ ಚರ್ಮ ತಿನ್ನುತ್ತದೆ. ದನದ ಚರ್ಮ ಹದ ಮಾಡುವ ಹೊತ್ತಿಗೆ ನಮ್ಮ ಚರ್ಮ ಹದಗೆಡುತ್ತದೆ ಎಂದು ಅವಳ ತಮ್ಮ ನಗಾಡುತ್ತಿದ್ದ.

ತಮ್ಮ ತೊಟ್ಟಿಯ ಕೆಲಸದವನು. ಮೊಣಕಾಲಿನವರೆಗೆ ಸುಣ್ಣದ ನೀರಿನಲ್ಲಿ ನಿಂತು ಕೊಕ್ಕೆ ಕೋಲಿನಿಂದ ತೊಗಲು ಎಳೆದು ಮೇಲಕ್ಕೆ ಹಾಕುವುದು ಅವನ ಪಾಲಿನದು. ಅಪ್ಪ ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ದೊಡ್ಡಕ್ಕನೇ ಎತ್ತಿ ಆಡಿಸಿದವಳು, ಹೊಡೆದು ಬೆಳೆಸಿದವಳು, ಹೆಣ್ಣು ತಂದು ಮದುವೆ ಮಾಡಿದವಳು. ಅವನಿಗೆ ಈಗ ನಲವತ್ತೊಂದು. ಅವಳ ಕಣ್ಣಿಗೆ ಇನ್ನೂ ನಾಲ್ಕೇ.

ದೊಡ್ಡಕ್ಕನ ಗಂಡ ಸತ್ತು ಎರಡು ವರ್ಷ. ಅವನು ಸತ್ತದ್ದು ಎದೆ ನೋವಿನಿಂದ ಎಂದು ಕೇರಿಗೆಲ್ಲ ಗೊತ್ತು. ಹೇಗೆ ಸತ್ತ ಎಂಬುದು ಗೊತ್ತಿರುವುದು ಇಬ್ಬರಿಗೆ. ಅವಳಿಗೆ, ಅವಳ ಮಾವನಿಗೆ.

ಆವತ್ತು ಪಾಳಿ ಮುಗಿಸಿ ಬಂದವನು ಎದೆ ಹಿಡಿದುಕೊಂಡು ಹೊಸ್ತಿಲಲ್ಲೇ ಕೂತ. ಆಸ್ಪತ್ರೆಗೆ ಹೋಗೋಣ ಎಂದಳು. "ಮೊದ್ಲು ನೀರು ಕಾಯ್ಸು," ಎಂದ. ಹಿಂದಿನ ತಿಂಗಳು ಅಂಗೈ ಸೀಳಿಕೊಂಡು ಹೋದಾಗ ಅವನನ್ನು ನಲ್ಲಿಯ ಹತ್ತಿರ ನಿಲ್ಲಿಸಿದ್ದರು. ರಕ್ತ ಸೋರುತ್ತಿದ್ದ ಕೈಯನ್ನು ಮೇಲೆತ್ತಿ ಹಿಡಿದು, ಇನ್ನೊಂದು ಕೈಯಿಂದ ಅಂಗಿ ಬಿಚ್ಚಿ, ಹೋಗಿಬರುವ ಹೆಂಗಸರ ಎದುರು ಚಡ್ಡಿಯಲ್ಲಿ ನಿಂತು ಮೈ ತೊಳೆದುಕೊಂಡಿದ್ದ. ಅದು ಅವನಿಗೆ ಮರೆತಿರಲಿಲ್ಲ. ದೊಡ್ಡಕ್ಕ ನೀರು ಕಾಯಿಸಿದಳು. ಮಾವ ಚೊಂಬಿನಲ್ಲಿ ಹುಯ್ದ, ಇವಳು ಸೋಪು ಹಾಕಿ ಬೆನ್ನು ಉಜ್ಜಿದಳು. ಅವನು ಬಚ್ಚಲ ಕಲ್ಲಿನ ಮೇಲೆ ಎದೆಗೆ ಕೈ ಒತ್ತಿ ಕೂತಿದ್ದ. "ಕಿವಿ ಹಿಂದೆ ಉಜ್ಜು. ಅವ್ರು ಅಲ್ಲೇ ಮೂಸೋದು," ಎಂದ. ಅವಳು ನಕ್ಕು ಕಿವಿಯ ಹಿಂದೆ ಉಜ್ಜಿದಳು. ಉಗುರಿನ ಸಂದಿಯ ಸುಣ್ಣವನ್ನು ಕಡ್ಡಿಯಿಂದ ತೆಗೆದಳು. ತಲೆ ಬಾಚಿದಳು. ಒಗೆದ ಅಂಗಿ ಹಾಕಿದಳು. ನಲವತ್ತು ನಿಮಿಷ.

ಕಾವಲುಗಾರ ಮೂಸಿ ಒಳಗೆ ಬಿಟ್ಟ. ಗಂಡ ಪಾಸಾದ. ಪಾಸಾದವನು ಚೀಟಿಯ ಸಾಲಿನಲ್ಲಿ ನಿಂತಲ್ಲೇ ಬಿದ್ದ. ಮತ್ತೆ ಏಳಲಿಲ್ಲ. "ಒಂದರ್ಧ ಗಂಟೆ ಮುಂಚೆ ತಂದಿದ್ರೆ ಏನಾದ್ರೂ ನೋಡಬಹುದಿತ್ತು," ಎಂದಳು ನರ್ಸಮ್ಮ. ಪುಸ್ತಕದಲ್ಲಿ ಬರೆದುಕೊಂಡರು: ತಡವಾಗಿ ಕರೆತಂದಿದ್ದಾರೆ.

ಆ ಅರ್ಧ ಗಂಟೆ ಎಲ್ಲಿ ಹೋಯಿತು ಎಂದು ದೊಡ್ಡಕ್ಕನಿಗೆ ಗೊತ್ತಿತ್ತು. ಬಚ್ಚಲಲ್ಲಿ ಹೋಯಿತು. ಅವಳು ಯಾರಿಗೂ ಹೇಳಲಿಲ್ಲ. ಔಷಧಿಯಂಥದ್ದು ಏನಾದರೂ ಆ ಆಸ್ಪತ್ರೆಯಲ್ಲಿ ಇದ್ದಿರಲಾರದು, ಬೇಗ ಹೋಗಿದ್ದರೂ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡು ಎರಡು ವರ್ಷ ದೂಡಿದಳು.

ಈಗ ತಮ್ಮನ ಸರದಿ.

ಬೆಳಗಿನ ಹತ್ತೂವರೆ ಇರಬಹುದು. ದೊಡ್ಡಕ್ಕ ಹಲಗೆಯ ಮೇಲೆ ಎಂಟನೆಯ ತೊಗಲು ಹಾಕಿದ್ದಳು. ತೊಟ್ಟಿಯ ಕಡೆಯಿಂದ ಕೊಕ್ಕೆ ಕೋಲು ನೆಲಕ್ಕೆ ಬಿದ್ದ ಸದ್ದು ಕೇಳಿತು. ತಿರುಗಿ ನೋಡಿದರೆ ತಮ್ಮ ತೊಟ್ಟಿಯ ಕಟ್ಟೆ ಹಿಡಿದುಕೊಂಡು ಮೇಲೆ ಹತ್ತಲು ನೋಡುತ್ತಿದ್ದಾನೆ. ಕಾಲು ಮೇಲೆ ಬರುತ್ತಿಲ್ಲ. ಇಬ್ಬರು ಎಳೆದು ಹಾಕಿದರು. ಮುಖ ಬೂದಿ ಬಣ್ಣ. ಬೆವರು ಕಿತ್ತುಕೊಂಡು ಬರುತ್ತಿತ್ತು. ಎಡಗೈಯನ್ನು ತನ್ನದಲ್ಲದ ಸಾಮಾನಿನ ಹಾಗೆ ಬಲಗೈಯಲ್ಲಿ ಹಿಡಿದುಕೊಂಡಿದ್ದ.

"ಎದೆ ಮೇಲೆ ಯಾರೋ ತೊಗಲು ಹೇರ್ದಂಗಿದೆ ಅಕ್ಕ," ಎಂದ. "ಇಳ್ಸಕ್ಕಾಗ್ತಿಲ್ಲ."

ಮೇಸ್ತ್ರಿ ದೂರದಲ್ಲೇ ನಿಂತು ವೈದ್ಯ ಮಾಡಿದ. "ಗ್ಯಾಸು ಕಣ್ರೋ. ಸೋಡಾ ಕುಡ್ಸಿ, ಒಂದು ತೇಗು ಬಂದ್ರೆ ಸರಿಹೋಗುತ್ತೆ. ತೊಟ್ಟಿಗೆ ಇನ್ನೊಬ್ಬ ಇಳೀರಿ."

ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು. ಕಾರ್ಖಾನೆ ಒಳಗೆ ಗಾಡಿ ಬರುವುದಿಲ್ಲ, ಮೇನ್ ರೋಡಿಗೆ ತನ್ನಿ ಎಂದಿತು ಫೋನು. ಮೇನ್ ರೋಡಿಗೆ ಹೋದರೆ ಎದುರಿಗೇ ಆಸ್ಪತ್ರೆ ಕಾಣುತ್ತದೆ. ಅಲ್ಲಿಂದಾಚೆಗೆ ಆಂಬುಲೆನ್ಸು ಯಾರಿಗೆ ಬೇಕು, ಅದರ ಡ್ರೈವರಿಗೋ?

ಅಷ್ಟರಲ್ಲಿ ಇಬ್ಬರು ಓಡಿಹೋಗಿ ಎರಡು ಬಕೆಟ್ ನೀರು, ಒಂದು ಸೋಪು ತಂದಿದ್ದರು. ಯಾರೂ ಹೇಳಿರಲಿಲ್ಲ. ಅದು ಅಲ್ಲಿನ ರೂಢಿ. ಕಾರ್ಖಾನೆಯಲ್ಲಿ ಯಾರಿಗೇ ಏನಾದರೂ ಮೊದಲು ನೀರು ತರುವುದು. ಕುಡಿಸುವುದಕ್ಕಲ್ಲ, ತೊಳೆಯುವುದಕ್ಕೆ. ಒಬ್ಬ ಆಗಲೇ ತಮ್ಮನ ಅಂಗಿಯ ಗುಂಡಿ ಬಿಚ್ಚುತ್ತಿದ್ದ. ತಮ್ಮನೂ ಕಣ್ಣು ಮುಚ್ಚಿಕೊಂಡು, ಬಿಚ್ಚಲು ಸುಲಭವಾಗಲಿ ಎಂದು ತೋಳು ಎತ್ತಿದ.

ಎತ್ತಿದ ಆ ತೋಳು ನೋಡಿ ದೊಡ್ಡಕ್ಕನಿಗೆ ಏನೋ ಆಯಿತು. ಬಕೆಟ್ ಕಿತ್ತುಕೊಂಡು ನೀರನ್ನು ನೆಲಕ್ಕೆ ಚೆಲ್ಲಿದಳು. ಎರಡನೆಯದನ್ನೂ ಚೆಲ್ಲಿದಳು.

"ಇವನನ್ನ ಯಾರೂ ತೊಳೀಬೇಡಿ."

"ದೊಡ್ಡಕ್ಕ, ಹಿಂಗೇ ಹೋದ್ರೆ ಬಿಡಲ್ಲ ಅವ್ರು."

"ಹೆಣ ತೊಳೀತಾರೆ ಕಣೋ. ಇವ್ನು ಇನ್ನೂ ಉಸಿರಾಡ್ತಿದ್ದಾನೆ. ಗಾಡಿ ತನ್ನಿ."

ಗಾಡಿ ಎಂದರೆ ಹಸಿ ತೊಗಲು ಸಾಗಿಸುವ ಕೈಗಾಡಿ. ಅದರ ಮೇಲೆ ತಮ್ಮನನ್ನು ಮಲಗಿಸಿದರು. ಪಕ್ಕದ ಹಲಗೆಯಲ್ಲಿ ಕೆರೆಯುತ್ತಿದ್ದ ಕುಳ್ಳಿ ತನ್ನ ಕತ್ತಿ ಬಿಸಾಡಿ ಬಂದು ಹಿಂದಿನಿಂದ ತಳ್ಳಿದಳು. ಕುಳ್ಳಿಗೆ ಗಾಡಿಯ ಹಿಡಿ ಗಲ್ಲಕ್ಕೆ ಬರುತ್ತಿತ್ತು. ದೊಡ್ಡಕ್ಕ ಮುಂದಿನಿಂದ ಎಳೆದಳು. ದಿನಾ ಎತ್ತು ಎಳೆಯಬೇಕಾದ ಭಾರ ಎಳೆದವಳಿಗೆ ತಮ್ಮ ಭಾರವಾಗಲಿಲ್ಲ. ಬಿಸಿಲಿಗೆ ಸುಣ್ಣ ಒಣಗಿ ಅವನ ಕಾಲು ಬೆಳ್ಳಗೆ ಬಿರಿಯುತ್ತಿತ್ತು. ರಸ್ತೆಯ ಅಂಗಡಿಯವರು ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು. ಆ ವಾಸನೆಯಿಂದ ಜನ್ಮದಲ್ಲಿ ಒಂದು ಸಲ ಉಪಯೋಗವಾಯಿತು.

ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಅವನಪ್ಪನೂ ಕೂದಲು ಕೆರೆದು ಸತ್ತವನೇ. ಬೂಟು ಬಂದ ಮೇಲೆ ಮಗನಿಗೆ ಮೂಗು ಬಂದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೈಕಿ.

"ದೊಡ್ಡಕ್ಕ, ನಿಂಗೆ ರೂಲ್ಸು ಗೊತ್ತಿಲ್ವಾ. ಐದೇ ನಿಮಿಷ. ಎರಡು ಚೊಂಬು ಹಾಕಿ ಕರ್ಕೊಂಡು ಬಾ."

"ಎರಡು ವರ್ಷದ ಹಿಂದೆ ನನ್ನ ಗಂಡನ್ನ ನೀನೇ ಮೂಸಿ ಒಳಗೆ ಬಿಟ್ಟೆ. ಒಳಗೆ ಎಷ್ಟು ಹೊತ್ತು ಬದುಕಿದ್ದ?"

ಅವನು ತಲೆ ತಗ್ಗಿಸಿದ. ಕೈ ತಗ್ಗಿಸಲಿಲ್ಲ. "ನನ್ನ ಕೆಲ್ಸ ಹೋಗುತ್ತೆ ಅಕ್ಕ."

"ಹೋಗ್ಲಿ. ಸುಣ್ಣದ ತೊಟ್ಟೀಲಿ ಇವತ್ತಿಂದ ಒಂದು ಆಳಿನ ಜಾಗ ಖಾಲಿ ಇದೆ. ಬಂದು ಇಳಿ."

ಅವಳು ಗಾಡಿಯನ್ನು ಹಿಂದಕ್ಕೆ ತಳ್ಳಿ ತಿರುಗಿಸಿ, ಚಕ್ರವನ್ನು ನೇರ ಅವನ ಮೇಲೆ ಬಿಟ್ಟಳು. ಮೊಣಕಾಲಿಗೆ ಬಡಿಯಿತು. ಅವನು ಅಯ್ಯೋ ಎಂದು ಕೂತ. ಗಾಡಿ ಒಳಗೆ ಹೋಯಿತು.

ಬಿಳಿ ಹಾಸುಗಲ್ಲಿನ ಮೇಲೆ ತೊಗಲಿನ ಗಾಡಿ. ಬೆಂಚಿನ ಮೇಲಿದ್ದವರು ಎದ್ದು ಗೋಡೆಗೆ ಒತ್ತಿಕೊಂಡರು. ಒಬ್ಬಳು ಮಗುವಿನ ಮೂಗಿಗೆ ಸೆರಗು ಕಟ್ಟಿದಳು. ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ. ಎದೆ ನೋವೇ? ಒಂದು ನಿಮಿಷವೂ ತಡ ಮಾಡಬೇಡಿ, ತಕ್ಷಣ ಆಸ್ಪತ್ರೆಗೆ ಬನ್ನಿ ಎಂದು ಅದರ ಕೆಳಗೆ ಬರೆದಿತ್ತು. ಚಿತ್ರದಲ್ಲಿ ಎದೆ ಹಿಡಿದುಕೊಂಡವನಿಗೆ ಟೈ ಇತ್ತು. ಅವನಿಗೆ ಹೇಳಿದ ಮಾತು ಅದು. ತೊಗಲಿನವರಿಗೆ ಹೇಳಬೇಕಾದ ಮಾತನ್ನು ಅವರು ಗೇಟಿನಲ್ಲೇ ಹೇಳಿ ಮುಗಿಸಿದ್ದರು.

"ಏಯ್, ಏಯ್, ಎಲ್ಲಿಗೆ? ತೊಳ್ಸಿಲ್ವಾ ಇವನನ್ನ?" ನರ್ಸಮ್ಮ ಓಡಿ ಬಂದಳು. ಎರಡು ವರ್ಷದ ಹಿಂದೆ ಅರ್ಧ ಗಂಟೆಯ ಲೆಕ್ಕ ಹೇಳಿದವಳು ಇವಳೇ. "ಈಗಷ್ಟೇ ಹಾಸಿಗೆ ಬಟ್ಟೆ ಬದಲಾಯ್ಸಿದ್ದೀನಿ. ಹೊರಗೆ ತೊಗೊಂಡ್ಹೋಗಿ."

ದೊಡ್ಡಕ್ಕ ತಮ್ಮನ ಕಂಕುಳಿಗೆ ಕೈ ಹಾಕಿದಳು. ಕುಳ್ಳಿ ಕಾಲು ಹಿಡಿದಳು. ಇಬ್ಬರೂ ತೊಗಲು ಎತ್ತಿ ಹಲಗೆಗೆ ಹಾಕಿದಂತೆಯೇ ಅವನನ್ನು ಎತ್ತಿ ಆ ಬಿಳಿ ಹಾಸಿಗೆಯ ಮೇಲೆ ಹಾಕಿದರು. ಸುಣ್ಣದ ನೀರು ಹಾಸಿಗೆಯಲ್ಲಿ ಹರಡಿತು. ಒಂದೆರಡು ದನದ ಕೂದಲು ದಿಂಬಿಗೆ ಅಂಟಿದವು.

"ನೋಡಿ ನರ್ಸಮ್ಮ," ಎಂದಳು ದೊಡ್ಡಕ್ಕ. "ತೊಳೀಲೇಬೇಕು ಅಂದ್ರೆ ನೀವು ತೊಳೀರಿ. ನಾನು ತೊಳಿಯಲ್ಲ. ಇವನನ್ನ ಇಲ್ಲಿಂದ ಎತ್ತೋದೂ ಇಲ್ಲ. ಎತ್ತೋರು ಯಾರಾದ್ರೂ ಇದ್ರೆ ಕರೀರಿ, ಮುಟ್ಟೋರು ಯಾರು ಅಂತ ನಾನೂ ನೋಡ್ತೀನಿ."

ಯಾರೂ ಮುಟ್ಟಲು ಬರಲಿಲ್ಲ. ಮೂಗು ಮುಚ್ಚಿಕೊಂಡ ಕೈಗಳು ಮೂಗಿನ ಮೇಲೇ ಇದ್ದವು.

ನರ್ಸಮ್ಮ ತಮ್ಮನ ಮುಖ ನೋಡಿದಳು. ತುಟಿ ನೀಲಿಯಾಗುತ್ತಿತ್ತು. ಆಮೇಲೆ ಅವಳೇನು ಯೋಚನೆ ಮಾಡಿದಳೋ, ಹೊರಟುಹೋಗಿ ಒದ್ದೆ ಬಟ್ಟೆ ತಂದಳು. ಅಂಗಿ ಬಿಡಿಸಿ ಎದೆಯ ಎಡಭಾಗದಲ್ಲಿ ಒಂದು ಕಡೆ ಒರೆಸಿದಳು, ಎದೆಬಡಿತ ನೋಡುವ ಯಂತ್ರದ ತಂತಿ ಅಂಟಿಸಿದಳು. ಪಕ್ಕದಲ್ಲಿ ಇನ್ನೊಂದು ಕಡೆ ಒರೆಸಿದಳು, ಇನ್ನೊಂದು ತಂತಿ. ಎದೆಯ ಮೇಲೆ ಆರು ಕಡೆ. ಎರಡು ಮಣಿಕಟ್ಟು, ಎರಡು ಕಾಲ ಗಂಟು. ಒಂದೊಂದೂ ಹಪ್ಪಳದಷ್ಟೂ ಅಗಲವಿಲ್ಲ. ದೊಡ್ಡಕ್ಕ ಎಣಿಸಿದಳು.

"ಇಷ್ಟೇನಾ?" ಎಂದು ಕೇಳಿದಳು.

"ಏನು ಇಷ್ಟೇನಾ?"

"ತೊಳೀಬೇಕಾಗಿದ್ದ ಜಾಗ ಇಷ್ಟೇನಾ?"

"ತಂತಿ ಅಂಟಕ್ಕೆ ಇಷ್ಟು ಸಾಕು," ಎಂದಳು ನರ್ಸಮ್ಮ, ಯಂತ್ರದ ಮೇಲಿಂದ ಕಣ್ಣು ತೆಗೆಯದೆ.

ಒರೆಸುವುದಕ್ಕೆ ಒಂದು ನಿಮಿಷ ಹಿಡಿದಿರಲಿಲ್ಲ. ದೊಡ್ಡಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಗಂಡನ ಕಿವಿಯ ಹಿಂದೆ ಉಜ್ಜಿದ್ದಳಲ್ಲ ಅವಳು. ಕಡ್ಡಿಯಿಂದ ಉಗುರು ಬಿಡಿಸಿದ್ದಳಲ್ಲ.

ಯಂತ್ರದಿಂದ ಗೀಟು ಗೀಟಿನ ಕಾಗದ ಬಂತು. ನರ್ಸಮ್ಮ ಅದರ ಫೋಟೋ ಹೊಡೆದು ಫೋನಿನಲ್ಲಿ ದೂರದ ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರಿಗೆ ಕಳಿಸಿದಳು. ತಮ್ಮನ ಬಾಯಿಗೆ ಮಾತ್ರೆ ಹಾಕಿ ಅಗಿ ಎಂದಳು. ಮೂರು ನಿಮಿಷಕ್ಕೆ ಫೋನು ಬಂತು. ಅಷ್ಟರಲ್ಲಿ ಈ ಆಸ್ಪತ್ರೆಯ ಡಾಕ್ಟರು ಕರ್ಚೀಫಿನಲ್ಲಿ ಮೂಗು ಹಿಡಿದುಕೊಂಡು ಬಂದರು. ಕಾಗದ ನೋಡಿದ ಮೇಲೆ ಕರ್ಚೀಫು ಜೇಬಿಗೆ ಹೋಯಿತು. ತಮ್ಮನನ್ನು ನಾಲ್ಕು ಪ್ರಶ್ನೆ ಕೇಳಿದರು. ಫ್ರಿಜ್ಜಿನಿಂದ ಒಂದು ಸಣ್ಣ ಬಾಟಲಿ ತರಿಸಿದರು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದು ಎಂದು ಹೇಳಿ ಚುಚ್ಚಿದರು. ಅದನ್ನು ಹೇಳಬೇಕು, ಕೆಲಸ ಗೊತ್ತಿದ್ದ ಡಾಕ್ಟರೇ.

ಮುಕ್ಕಾಲು ಗಂಟೆ ಕಳೆಯಿತು. ತಮ್ಮನ ಮುಖಕ್ಕೆ ರಕ್ತ ಬಂತು. "ಅಕ್ಕ," ಎಂದ.

"ಏನೋ?"

"ತೊಗಲು ಇಳೀತು." ಎದೆ ತೋರಿಸಿದ. ಆಮೇಲೆ, "ಹಾಸಿಗೆ ಬಟ್ಟೆ ಬರಿಗೈಲಿ ಒಗೀಬೇಡಿ ಅಂತ ಹೇಳು ಇವ್ರಿಗೆ. ಸುಣ್ಣ ಇದೆ. ಕೈ ಸುಡುತ್ತೆ," ಎಂದ.

ಅವನ ಕೆನ್ನೆಗೆ ಒಂದು ಬಿಡಬೇಕು ಅನ್ನಿಸಿತು ದೊಡ್ಡಕ್ಕನಿಗೆ. ಬದಲಿಗೆ ತಲೆ ಸವರಿದಳು.

ಮಧ್ಯಾಹ್ನ ಡಾಕ್ಟರು ಅವಳನ್ನು ಕೋಣೆಗೆ ಕರೆಸಿದರು. ನರ್ಸಮ್ಮ ಬಾಗಿಲಲ್ಲಿ ನಿಂತಿದ್ದಳು. ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು.

"ನಿನ್ನ ತಮ್ಮ ಬದುಕಿದ," ಎಂದರು ಡಾಕ್ಟರು. "ಸಂಜೆ ದೊಡ್ಡಾಸ್ಪತ್ರೆಗೆ ಕಳಿಸ್ತೀವಿ, ಅಲ್ಲಿ ಮುಂದಿಂದು ನೋಡ್ತಾರೆ. ಇನ್ನರ್ಧ ಗಂಟೆ ಬಿಟ್ಟು ತಂದಿದ್ರೆ ಹೇಳೋದು ಕಷ್ಟ ಇತ್ತು."

ದೊಡ್ಡಕ್ಕ ಕೈ ಮುಗಿದಳು.

"ಆದ್ರೆ ನೋಡಮ್ಮ, ನೀನು ಮಾಡಿದ್ದು ಸರಿಯಲ್ಲ. ಕಾವಲುಗಾರನ ಮೊಣಕಾಲು ಊದಿದೆ. ವಾರ್ಡ್ ಪೂರ್ತಿ ತೊಳೆಸಬೇಕಾಯ್ತು. ಬೇರೆ ರೋಗಿಗಳು ದೂರು ಕೊಟ್ಟಿದ್ದಾರೆ. ಪೊಲೀಸಿಗೆ ಕೊಡಬಹುದು, ನಾನು ಕೊಡಲ್ಲ. ತಪ್ಪಾಯ್ತು, ಇನ್ಮೇಲೆ ನಾವೆಲ್ಲ ಮೈ ತೊಳ್ಕೊಂಡೇ ಬರ್ತೀವಿ ಅಂತ ಬರೆದಿದ್ದೀನಿ. ಇಲ್ಲಿ ಹೆಬ್ಬೆಟ್ಟು ಒತ್ತು."

ಕಾಗದ ಮುಂದಕ್ಕೆ ಸರಿಯಿತು. ಶಾಯಿಯ ಡಬ್ಬಿಯೂ ಸರಿಯಿತು.

"ಸ್ವಾಮಿ, ಒಂದು ಮಾತು ಕೇಳ್ಲಾ?"

"ಕೇಳು."

"ಆ ಇಂಜೆಕ್ಷನ್ನು ಇಲ್ಲಿಗೆ ಯಾವಾಗ ಬಂತು?"

ಡಾಕ್ಟರ ಮುಖ ಅರಳಿತು. ಇದು ಅವರು ಹೆಮ್ಮೆಯಿಂದ ಹೇಳುವ ವಿಷಯ. "ಮೂರು ವರ್ಷ ಆಯ್ತಮ್ಮ. ಇಂಜೆಕ್ಷನ್ನು, ಯಂತ್ರ, ಫೋನಲ್ಲಿ ದೊಡ್ಡ ಡಾಕ್ಟರು, ಎಲ್ಲಾ ಇದೆ. ನಿಮ್ಮಂಥ ಬಡವರಿಗೆ ಅಂತಲೇ ಮಾಡಿದ್ದು. ಆದ್ರೆ ನಿಮ್ಮ ಕೇರಿಯಿಂದ ಟೈಮಿಗೆ ಒಬ್ರೂ ಬರಲ್ಲ. ಎಲ್ಲಾ ಮುಗಿದ ಮೇಲೆ ಎತ್ಕೊಂಡು ಬರ್ತೀರಿ. ಎಷ್ಟು ಸಲ ಮೇಲಿನವರಿಗೆ ಬರೆದಿದ್ದೀನಿ, ಈ ಜನಕ್ಕೆ ತಿಳುವಳಿಕೆ ಇಲ್ಲ ಅಂತ."

ಮೂರು ವರ್ಷ. ದೊಡ್ಡಕ್ಕ ಮನಸ್ಸಿನಲ್ಲಿ ಹಿಂದಕ್ಕೆ ನಡೆದಳು. ಎರಡು ವರ್ಷದ ಹತ್ತಿರ ನಿಂತಳು. ಬಾಟಲಿ ಆಗಲೂ ಫ್ರಿಜ್ಜಿನಲ್ಲಿತ್ತು. ಚೀಟಿಯ ಸಾಲಿನಿಂದ ಇಪ್ಪತ್ತು ಹೆಜ್ಜೆ. ಅವನು ತಲೆ ಬಾಚಿಕೊಂಡು, ಸೋಪಿನ ವಾಸನೆ ಹೊತ್ತು, ಅದರಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಿದ್ದ. ಇಷ್ಟು ದಿನ ಏನೂ ಇದ್ದಿರಲಾರದು ಎಂದು ಹಿಡಿದುಕೊಂಡಿದ್ದ ಹಗ್ಗ ಕೈ ಜಾರಿತು.

ಅವಳು ಅಳಲಿಲ್ಲ.

"ಬೇರೆ ಕಾಗದ ತಗೊಳ್ಳಿ ಸ್ವಾಮಿ. ನಾನು ಹೇಳ್ತೀನಿ, ಬರ್ಕೊಳ್ಳಿ."

"ಏನು ಬರೀಲಿ?"

"ನನ್ನ ಗಂಡನಿಗೆ ಎದೆ ನೋವು ಬಂದಾಗ ನಾನು ಅವನನ್ನ ನಲವತ್ತು ನಿಮಿಷ ಉಜ್ಜಿ ಉಜ್ಜಿ ತೊಳೆದೆ. ತೊಳೆದು ಕೊಂದೆ. ಕೊಂದ ಕೈ ನನ್ನದು, ತೊಳಿ ಅಂದ ಬಾಯಿ ನಿಮ್ಮದು. ಹಿಂಗೇ ಬರೀರಿ. ಅದರ ಕೆಳಗೆ ಹತ್ತೂ ಬೆರಳು ಒತ್ತುತ್ತೀನಿ. ಆಮೇಲೆ ಪೊಲೀಸರನ್ನ ಕರೀರಿ, ಇಬ್ಬರೂ ಹೋಗೋಣ."

ಡಾಕ್ಟರು ಪೆನ್ನು ಮುಟ್ಟಲಿಲ್ಲ. "ಅದೆಲ್ಲ ಬರಿಯೋಕಾಗಲ್ಲಮ್ಮ. ನಲ್ಲಿ ಇಟ್ಟಿರೋದು ಶುಚಿತ್ವಕ್ಕೆ. ನಿಮ್ಮ ಒಳ್ಳೇದಕ್ಕೇ. ಹೊಟ್ಟೆನೋವೋ ಜ್ವರವೋ ಬಂದವರು ತೊಳ್ಕೊಂಡು ಬರ್ಲಿ ಅಂತ. ಎದೆ ನೋವಿನವರನ್ನ ತೊಳೀರಿ ಅಂತ ನಾವೆಲ್ಲಿ ಹೇಳಿದ್ವಿ?"

"ತೊಳೀಬೇಡಿ ಅಂತ ಎಲ್ಲಿ ಹೇಳಿದ್ರಿ?"

ಡಾಕ್ಟರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿದ್ದ ನರ್ಸಮ್ಮ ನೆಲ ನೋಡುತ್ತಿದ್ದಳು. "ಪುಸ್ತಕದಲ್ಲಿ ತಡವಾಗಿ ತಂದ್ರು ಅಂತ ಬರೆದಿದ್ದು ನಾನೇ ಸಾರ್," ಎಂದಳು. "ಇವ್ರ ಗಂಡಂದೂ ನಾನೇ. ಅದಕ್ಕೆ ಮುಂಚಿನ ನಾಲ್ಕು ಜನರದ್ದೂ ನಾನೇ. ಎಲ್ಲರ ತಲೆಕೂದಲೂ ಒದ್ದೆ ಇತ್ತು. ಯಾಕೆ ಅಂತ ಒಂದು ಸಲಾನೂ ಕೇಳ್ಲಿಲ್ಲ."

ದೊಡ್ಡಕ್ಕ ಆ ಕ್ಷಮೆಯ ಕಾಗದವನ್ನು ಮಡಿಸಿ ಡಾಕ್ಟರ ಮುಂದಕ್ಕೇ ಸರಿಸಿದಳು. ಶಾಯಿಯ ಡಬ್ಬಿಯ ಮುಚ್ಚಳ ಹಾಕಿದಳು. "ಇದಕ್ಕೆ ನಾನು ಒತ್ತಲ್ಲ," ಎಂದು ಹೇಳಿ ಹೊರಗೆ ಬಂದಳು.

ಪಾಳಿ ಬಿಟ್ಟಿತ್ತು. ಸುದ್ದಿ ಕೇಳಿ ಕೇರಿಯವರೆಲ್ಲ ಕಾರ್ಖಾನೆಯಿಂದ ನೇರ ಬಂದಿದ್ದರು. ಬಂದವರು ಒಳಗೆ ಬಂದಿರಲಿಲ್ಲ. ಗೇಟಿನ ನಲ್ಲಿಗೆ ಸಾಲು ಹಚ್ಚಿದ್ದರು. ಆಚೆ ಶೆಡ್ಡಿನಲ್ಲಿ ಕೆಲಸ ಮಾಡುವ ತಮ್ಮನ ಹೆಂಡತಿ, ಆಗಷ್ಟೇ ಸುದ್ದಿ ತಿಳಿದವಳು, ಕಣ್ಣೀರು ಸುರಿಸುತ್ತಲೇ ಮೊಣಕೈಗೆ ಸೋಪು ಉಜ್ಜುತ್ತಿದ್ದಳು. ಗಂಡ ಬದುಕಿದ್ದಾನೋ ಇಲ್ಲವೋ ಎಂದು ಇನ್ನೂ ತಿಳಿಯದವಳು ಮೊಣಕೈ ಉಜ್ಜುತ್ತಿದ್ದಳು. ಅವಳ ಮುಂದೆ ದೊಡ್ಡಕ್ಕನ ಮಾವ. ಎಪ್ಪತ್ತು ದಾಟಿದರೂ ತೊಗಲಿಗೆ ಉಪ್ಪು ಹೊರುವ ಮುದುಕ. ಲುಂಗಿ ಎತ್ತಿಕೊಂಡು, ಗೋಡೆ ಹಿಡಿದು, ಒಂದು ಕಾಲನ್ನು ನಲ್ಲಿಯ ಕೆಳಗೆ ಇಟ್ಟಿದ್ದ. ಮೊಣಕಾಲು ಕಟ್ಟಿಕೊಂಡ ಕಾವಲುಗಾರ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ.

ದೊಡ್ಡಕ್ಕ ಮೊದಲು ತಮ್ಮನ ಹೆಂಡತಿಯ ಕೈಯಿಂದ ಸೋಪು ತೆಗೆದುಕೊಂಡಳು. "ಬದುಕಿದ್ದಾನೆ. ಹೋಗಿ ನೋಡು. ಹಿಂಗೇ ಹೋಗು." ಅವಳು ನೊರೆಯ ಕೈಯಲ್ಲೇ ಓಡಿದಳು. ಕಾವಲುಗಾರ ಏಳಲಿಲ್ಲ.

ಆಮೇಲೆ ಮಾವನ ಹತ್ತಿರ ಹೋಗಿ ನಿಂತಳು. ಎರಡು ವರ್ಷ ಒಂದೇ ಸೂರಿನಡಿ ಇದ್ದು ಇಬ್ಬರೂ ಆಡದ ಮಾತು. ಸಣ್ಣ ದನಿಯಲ್ಲಿ ಹೇಳಿದಳು.

"ಮಾವ, ಔಷಧಿ ಇತ್ತಂತೆ. ಆವತ್ತೂ ಇತ್ತಂತೆ."

ಮುದುಕ ನೀರಿನಲ್ಲಿದ್ದ ತನ್ನ ಕಾಲನ್ನು ನೋಡುತ್ತಾ ನಿಂತ. ಮಗನ ತಲೆಗೆ ಚೊಂಬು ಚೊಂಬು ನೀರು ಹುಯ್ದವನು ಅವನು. ಹತ್ತಿರವಿದ್ದವರ ಕಿವಿಗೆ ಬಿದ್ದ ಮಾತು ಬಾಯಿಂದ ಬಾಯಿಗೆ ಸಾಲಿನುದ್ದಕ್ಕೂ ಹೋಯಿತು. ಕೊನೆಗೆ ಅವನು ಲುಂಗಿ ಇಳಿಬಿಟ್ಟ. ಒಂದು ಕಾಲು ತೊಳೆದಿತ್ತು, ಇನ್ನೊಂದು ಕಾಲಿಗೆ ಕೊಳೆ ಹಾಗೇ ಇತ್ತು.

ಹಾಗೇ ಒಳಗೆ ನಡೆದ. ಹಿಂದೆ ಸಾಲೂ ನಡೆಯಿತು.